ಬಡ ರಾವುತನ ಕತ್ತಿ



ಕತ್ತಿಯ ವಿಷಯವಾಗಿ ಮಾತನಾಡಹೊರಟವರು ಸಾಮಾನ್ಯವಾಗಿ ಅರಸರ ಕತ್ತಿಗಳನ್ನೇ ಕುರಿತು ಮಾತನಾಡುವರು. ಶಿವಾಜಿಯ ಭವಾನಿಯ ಕಥೆಯನ್ನೂ ಟೀಪೂ ಸುಲ್ತಾನನ ಹುಲಿಮುಖದ ಹಿಡಿಯ ಖಡ್ಗದ ಕಥೆಯನ್ನೂ ತಾವು ಅನೇಕಾವರ್ತಿ ಕೇಳಿದ್ದೀರಿ. ಈ ಸಾಯಂಕಾಲ ನಾವು ಹೇಳಬೇಕೆಂದಿರುವುದು ಅಂತಹ ಕತ್ತಿಯ ಚರಿತ್ರೆಯನ್ನಲ್ಲ. ಕುದುರೆಯ ಹುರುಳಿಗೂ ಮನೆಯ ಜೋಳಕ್ಕೂ ಸಂಬಳವು ಸಾಲದೆ ಇದ್ದ ಸಾಮಾನ್ಯನಾದ ರಾವುತನೊಬ್ಬನು, ಕೈಯಲ್ಲಿದ್ದ ಅಲ್ಪ ಹಣದಿಂದ, ಸಂತೆಯಲ್ಲಿ ಕೈಗೆತ್ತಿಕೊಂಡು ತೂಗಿ ನೋಡಿ ಕೊಂಡುಕೊಂಡ ಡೊಂಕು ಕತ್ತಿಯ ಚರಿತ್ರೆ ಇದು. ಇದನ್ನು ಬರೆದಿಟ್ಟವರು ಕಡಿಮೆ. ಆದರೂ ಅಲ್ಲಲ್ಲಿ ಚೂರುಚೂರಾಗಿ ದೊರೆಯುತ್ತದೆ.

ಈ ವಿಚಾರವು ನಮ್ಮ ತಲೆಗೆ ಬಂದ ಸಂದರ್ಭವನ್ನು ಮೊದಲು ಹೇಳುತ್ತೇವೆ. ಒಂದು ಮಹಾನವಮಿಯ ದಿನ ನಾವು ಕುಂದಗೋಳದಲ್ಲಿ ಬಂಧುಗಳ ಮನೆಯಲ್ಲಿದ್ದೆವು. ಕುಂದಗೋಳವೆಂದರೆ ಸಂಗೀತಪ್ರಿಯರಾದ ತಮಗೆ ಸವಾಯಿ ಗಂಧರ್ವರ ಊರು. ಪ್ರಾಚೀನವಸ್ತುಗಳಲ್ಲಿ ಆಸಕ್ತಿಯುಳ್ಳವರಿಗೆ ಚಾಲುಕ್ಯರ ಕಾಲದ ಶಂಭುಲಿಂಗ ದೇವಾಲಯದ ಊರು. ಆದರೆ ೧೯೪೮ರವರೆಗೆ ಅದು ಧಾರವಾಡ ಜಿಲ್ಲೆಯ ನಡುವೆ ಇದ್ದೂ ಧಾರವಾಡ ಜಿಲ್ಲೆಗೆ ಸೇರದ ಊರಾಗಿದ್ದಿತೆಂಬುದನ್ನು ಈಗ ಎಷ್ಟೋ ಮಂದಿ ಮರೆತಿದ್ದಾರೆ. ಬಹು ದೂರದ ಉತ್ತರದಲ್ಲಿದ್ದ ಜಮಖಂಡಿಯ ಪಟವರ್ಧನ ಸಂಸ್ಥಾನಕ್ಕೆ ಅದು ಸೇರಿದ್ದಿತು. ಆ ಮನೆಯಲ್ಲಿ ಆಯುಧಪೂಜೆಗೆಂದು ಅಟ್ಟದ ಮೇಲಿನಿಂದ ಒಂದು ಹಳೆಯ ಕತ್ತಿಯನ್ನು ಇಳಿಸಿದ್ದರು. ಕುಂಕುಮದ ಬೊಟ್ಟುಗಳ ಕೆಳಗೆ ಅಲಗು ಕಪ್ಪಾಗಿದ್ದಿತು. ನಮ್ಮ ಸೋದರಳಿಯ, ಇಪ್ಪತ್ತು ವರ್ಷದ ಹುಡುಗ, ಹುಬ್ಬಳ್ಳಿಯಲ್ಲಿ ಓದುವವನು, ಅದನ್ನು ಎತ್ತಿ ನಮ್ಮ ಕಡೆ ತಿರುಗಿ, "ಮಾಮಾ, ಇದರಿಂದ ಬಾಳಿದಿಂಡು ಕಡಿಲಿಕ್ಕೆ ಬರ್ತದೇನು? ಇಲ್ಲಾಂದ್ರ ಕಡಿಮಿ ರೊಕ್ಕದಾಗ ಒಂದು ಬ್ಯಾರೆ ಕೊಡಿಸ್ರಿ" ಎಂದನು. ಕತ್ತಿವರಸೆಯನ್ನು ಕಲಿಯಬೇಕೆಂಬ ಹುಚ್ಚು ಅವನಿಗೆ ಹತ್ತಿದ್ದಿತು. ನಾವು ಕತ್ತಿಯನ್ನು ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆವು. ಹಿಡಿಯ ಒಳಗೆ ಕಿಟಕಿಟನೆ ಶಬ್ದವಾಯಿತು. ಆ ಶಬ್ದವನ್ನು ಕೇಳಿ ನಾವು ಕತ್ತಿಯನ್ನು ಮರಳಿ ಪೂಜೆಯ ಮಣೆಯ ಮೇಲಿಟ್ಟೆವು. ಏಕೆಂಬುದು ಮುಂದೆ ತಿಳಿದೀತು.

ಈ ಕತ್ತಿಯನ್ನು ಕೊಂಡವನು ಯಾರು? ಮನೆಯ ಅಜ್ಜನವರಿಗೆ ಅವನ ಹೆಸರು ತಿಳಿಯದು. ಅವನು ಶಿಲೇದಾರನಾಗಿದ್ದನೆಂಬುದಷ್ಟೇ ತಿಳಿದಿದೆ. ಮರಾಠರ ಸೈನ್ಯದಲ್ಲಿ ರಾವುತರು ಎರಡು ಬಗೆ. ಸರದಾರನ ಕುದುರೆಯನ್ನು ಏರಿ ಹೋಗುವವನು ಬಾರಗೀರ. ತನ್ನ ಕುದುರೆ, ತನ್ನ ಆಯುಧಗಳೊಡನೆ ಬಂದು ಸೇರುವವನು ಶಿಲೇದಾರ. ಶಿಲೇದಾರನಿಗೆ ಗೌರವವು ಹೆಚ್ಚು, ಆದರೆ ನಷ್ಟವೂ ಅವನದೇ. ಯುದ್ಧದಲ್ಲಿ ಕುದುರೆ ಬಿದ್ದರೆ ಅವನ ಬದುಕೇ ಬಿದ್ದಂತೆ. ಮೈಸೂರಿನ ಸಂಸ್ಥಾನದಲ್ಲಿಯೂ ಸಿಲ್ಲೇದಾರ್ ಕುದುರೆಯ ದಂಡು ಬಹುಕಾಲ ಇದ್ದಿತಷ್ಟೆ. ಹೀಗೆ ತನ್ನ ಖರ್ಚಿನಿಂದಲೇ ಆಯುಧವನ್ನು ಒದಗಿಸಿಕೊಳ್ಳುವವನು ಕತ್ತಿಯ ಅಂದಕ್ಕೆ ಹಣ ಕೊಡಲಾರ. ಅದು ಕಡಿಯಬೇಕು, ಮುರಿಯಬಾರದು, ಅಗ್ಗವಾಗಿರಬೇಕು. ಅವನ ಅಪೇಕ್ಷೆ ಇಷ್ಟೆ.

ಇಂತಹವರಿಗೆ ಧಾರವಾಡದ ಸೀಮೆಯಲ್ಲಿ ಕೆಲಸಕ್ಕೇನೂ ಕೊರತೆ ಇರಲಿಲ್ಲ. ೧೭೬೪ರಲ್ಲಿ ಪೇಶವೆ ಮಾಧವರಾಯನು ಹೈದರಲ್ಲಿಯನ್ನು ರಟ್ಟೀಹಳ್ಳಿಯಲ್ಲಿ ಸೋಲಿಸಿದನು. ೧೭೮೫ರಲ್ಲಿ ಟೀಪೂವಿನ ಸೈನ್ಯವು ನರಗುಂದವನ್ನು ಹಿಡಿಯಿತು. ೧೭೯೦ರಲ್ಲಿ ಪರಶುರಾಮಭಾವು ಪಟವರ್ಧನನು ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿ ಆರು ತಿಂಗಳಿಗೂ ಮೀರಿ ಅದರ ಮುಂದೆ ಕುಳಿತಿದ್ದು, ೧೭೯೧ರ ಏಪ್ರಿಲಿನಲ್ಲಿ ಅದನ್ನು ಕೈವಶಮಾಡಿಕೊಂಡನು. ಅವನ ಜೊತೆಗಿದ್ದ ಆಂಗ್ಲೇಯರ ತುಕಡಿಯಲ್ಲಿ ಎಡ್ವರ್ಡ್ ಮೂರ್ ಎಂಬ ತರುಣ ಅಧಿಕಾರಿಯೊಬ್ಬನಿದ್ದು, ಈ ದಂಡಯಾತ್ರೆಯ ವೃತ್ತಾಂತವನ್ನು ೧೭೯೪ರಲ್ಲಿ ಪ್ರಕಟಿಸಿದನು. ಹಿಂದೂ ದೇವತೆಗಳನ್ನು ಕುರಿತ ದೊಡ್ಡ ಗ್ರಂಥವನ್ನು ಮುಂದೆ ಬರೆದವನೂ ಈತನೇ. ಕತ್ತಿಯಿಂದ ಆರಂಭಿಸಿ ದೇವರಲ್ಲಿ ಮುಗಿಸಿದವನೆಂದು ಅವನನ್ನು ಕುರಿತು ನಾವು ವಿನೋದಕ್ಕೆ ಹೇಳುವುದುಂಟು.

ನಮ್ಮ ನಾಡಿನ ವೀರಗಲ್ಲುಗಳನ್ನು ಗಮನಿಸಿ ನೋಡಿರುವವರಿಗೆ ಒಂದು ಸಂಗತಿ ಗೊತ್ತಿರಬಹುದು. ಹಳೆಯ ಕಲ್ಲುಗಳ ವೀರರ ಕೈಯಲ್ಲಿರುವ ಕತ್ತಿಗಳು ಬಹುಮಟ್ಟಿಗೆ ನೆಟ್ಟನೆಯವು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ವಿನೋದಗಳನ್ನು ಹೇಳುವಾಗ ಶಸ್ತ್ರವಿನೋದವೂ ಬರುತ್ತದೆ. ಆಯುಧದ ಕೈಚಳಕವನ್ನು ಸಭೆಯ ಮುಂದೆ ತೋರಿಸುವುದು ಆಗಲೇ ಒಂದು ಕಲೆಯಾಗಿದ್ದಿತು. ಒಂದೇ ಕಡೆ ಬಾಯಿಯುಳ್ಳ, ಹೊರಕ್ಕೆ ಬಾಗಿದ ಕುದುರೆಯವನ ಕತ್ತಿಯಾದರೋ ಮಧ್ಯ ಏಷ್ಯದ ಸವಾರರೊಡನೆ ಬಂದು, ಸುಲ್ತಾನರ ಮತ್ತು ಮೊಗಲರ ಕಾಲದಲ್ಲಿ ದಖ್ಖನಿನಲ್ಲೆಲ್ಲ ಹರಡಿತು. ತಲವಾರವೆಂದು ನಾವು ಕರೆಯುವುದು ಇದನ್ನೇ.

ಕತ್ತಿಗೆ ಡೊಂಕು ಏಕೆ? ಇದನ್ನು ತಿಳಿಯಲು ಯುದ್ಧಭೂಮಿಗೆ ಹೋಗಬೇಕಾಗಿಲ್ಲ, ಅಡಿಗೆಯ ಮನೆಗೆ ಹೋದರೆ ಸಾಕು. ಈಳಿಗೆಯ ಮೇಲೆ ಕುಂಬಳಕಾಯಿಯನ್ನು ನೇರವಾಗಿ ಒತ್ತಿದರೆ ಅದು ಹೋಳಾಗಲು ಬಹಳ ಬಲ ಬೇಕು; ಒತ್ತುತ್ತ ಜಾರಿಸಿದರೆ ಸುಲಭವಾಗಿ ಸೀಳುತ್ತದೆ. ಕಡಿದಾದ ಗುಡ್ಡವನ್ನು ಓರೆಯಾಗಿ ಹತ್ತುವವನಿಗೆ ಅದರ ಇಳಿಜಾರು ಮೃದುವಾಗುವಂತೆ, ಓರೆಯಾಗಿ ಬಂದ ಬಾಯಿಗೆ ಅಲಗಿನ ದಪ್ಪವೇ ಕಡಿಮೆಯಾದಂತಾಗುತ್ತದೆ. ಓಡುವ ಕುದುರೆಯ ಮೇಲಿನವನ ತೋಳು ಈ ಜಾರುವಿಕೆಯನ್ನು ತಾನಾಗಿ ಮಾಡಲು ಸಮಯವಿಲ್ಲ. ಡೊಂಕು ಅಲಗು ಅವನ ಪರವಾಗಿ ಅದನ್ನು ಮಾಡಿಕೊಡುತ್ತದೆ. ತಲವಾರದ ಹಿಡಿಯ ತುದಿಯಲ್ಲಿರುವ ತಟ್ಟೆಯನ್ನು ನೋಡಿ ಹೊಸಬರು ಆಶ್ಚರ್ಯಪಡುವರು. ಆ ತಟ್ಟೆಯು ಮಣಿಕಟ್ಟಿಗೆ ತಾಗಿ ಕೈಯನ್ನು ಬಾಗಗೊಡದು. ಆದುದರಿಂದ ಕೊಡಲಿಯಂತೆ ಮಣಿಕಟ್ಟಿನಿಂದ ಹೊಡೆಯಲು ಬರುವುದಿಲ್ಲ, ಭುಜದಿಂದ ಬೀಸಿ ಎಳೆಯಬೇಕಾಗುತ್ತದೆ. ಇದನ್ನು ಅರಿಯದ ಪರದೇಶದವರು ನಮ್ಮ ಹಿಡಿಗಳು ಬಹಳ ಚಿಕ್ಕವೆಂದು ದೂರಿದರು. ಹಿಡಿಯು ಚಿಕ್ಕದಲ್ಲ, ಹಿಡಿಯುವ ರೀತಿ ಬೇರೆ.

ಇನ್ನು ಉಕ್ಕಿನ ಮಾತು. ನಮ್ಮ ಸೀಮೆಯ ಮೂಸೆಯ ಉಕ್ಕು ಲೋಕಪ್ರಸಿದ್ಧವಾದುದು. 'ವೂಟ್ಸ್' ಎಂದು ಆಂಗ್ಲೇಯರು ಕರೆದ ಹೆಸರು ನಮ್ಮ 'ಉಕ್ಕು' ಎಂಬ ಶಬ್ದದಿಂದಲೇ ಬಂದುದೆಂದು ಹೇಳುವುದುಂಟು. ೧೮೦೦-೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ಎಂಬ ವೈದ್ಯನು, ಮಣ್ಣಿನ ಮೂಸೆಯಲ್ಲಿ ಕಬ್ಬಿಣದೊಡನೆ ತಂಗಡಿಯ ಕಡ್ಡಿಯನ್ನೂ ಹಸಿಯ ಎಲೆಗಳನ್ನೂ ಇಟ್ಟು ಕಾಯಿಸಿ ಉಕ್ಕು ಮಾಡುವುದನ್ನು ವಿವರಿಸಿದ್ದಾನೆ. ವಿದ್ಯುಚ್ಛಕ್ತಿಯ ಸಂಶೋಧನೆಗಳಿಂದ ಪ್ರಸಿದ್ಧನಾದ ಫ್ಯಾರಡೆಯು ತರುಣನಾಗಿದ್ದಾಗ ಲಂಡನ್ನಿನಲ್ಲಿ ಇದೇ ಉಕ್ಕಿನ ಗುಟ್ಟನ್ನು ಹುಡುಕುತ್ತ ಕುಳಿತಿದ್ದನು. ನೀರಿನ ಅಲೆಯಂತೆ ಗೆರೆಗಳು ತೇಲುವ ಆ ಅಲಗುಗಳ ಸೊಬಗನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬಡ ರಾವುತನಿಗೆ ಅದರ ಗೊಡವೆಯಿಲ್ಲ. ಅದು ದುಬಾರಿ. ಅದೂ ಅಲ್ಲದೆ, ಗಟ್ಟಿಯಾದ ಬಾಯಿಯನ್ನು ಕೊಡುವ ಗುಣವೇ ಅದನ್ನು ತಪ್ಪಿದ ಏಟಿನಲ್ಲಿ ತುಂಡಾಗುವಂತೆಯೂ ಮಾಡಬಲ್ಲುದು. ಬಾಗಿ ಮರಳಿ ನೆಟ್ಟಗಾಗುವ ಸಾದಾ ಅಲಗೇ ಅವನಿಗೆ ಹಿತ.

ಅವನಿಗೆ ಇನ್ನೊಂದು ಅಪಾಯವಿದ್ದಿತು. ಯೂರೋಪಿನ ಅಲಗುಗಳಿಗೆ ಇಲ್ಲಿ ಒಳ್ಳೆಯ ಹೆಸರಿದ್ದುದರಿಂದ ಫಿರಂಗಿ ಎಂಬುದೇ ಒಂದು ಬಗೆಯ ಕತ್ತಿಯ ಹೆಸರಾಯಿತು. ಇಟಲಿಯ ಜಿನೋವಾದ ಅಲಗುಗಳ ಮೇಲೆ ಎರಡು ಕುಡುಗೋಲುಗಳು ಎದುರುಬದುರಾಗಿರುವಂತೆ ಒಂದು ಮುದ್ರೆ ಇರುತ್ತಿದ್ದಿತು. ಆ ಮುದ್ರೆಗೆ ಬೆಲೆ ಬಂದ ಕೂಡಲೇ ಬೇರೆ ದೇಶಗಳ ಕಮ್ಮಾರರೂ, ನಮ್ಮವರೂ, ಅದನ್ನೇ ತಮ್ಮ ಅಲಗುಗಳ ಮೇಲೆ ಒತ್ತತೊಡಗಿದರು. ಮುದ್ರೆಯನ್ನು ನೋಡಿ ಕೊಂಡವನು ಮೋಸಹೋದನು. ಅಲಗನ್ನು ಬಾಗಿಸಿ ನೋಡಿ ಕೊಂಡವನು ಬದುಕಿದನು.

ಈ ವಿಷಯದಲ್ಲಿ ನಮಗೆ ದೊರೆತಿರುವ ಸಾಕ್ಷ್ಯಗಳಲ್ಲಿ ಅತ್ಯಂತ ಸ್ವಾರಸ್ಯವಾದುದು ಕ್ಯಾಪ್ಟನ್ ನೋಲನ್ ಎಂಬುವನದು. ೧೮೫೪ರಲ್ಲಿ ಬಾಲಕ್ಲಾವಾ ಯುದ್ಧದಲ್ಲಿ, ಲಘು ಅಶ್ವದಳದ ಆ ಕುಪ್ರಸಿದ್ಧ ದಾಳಿಯ ಆರಂಭದಲ್ಲಿಯೇ ಮಡಿದವನು ಈತ. ಅದಕ್ಕೆ ಹಿಂದಿನ ವರ್ಷ ಅಶ್ವಸೈನ್ಯವನ್ನು ಕುರಿತು ಅವನು ಒಂದು ಪುಸ್ತಕವನ್ನು ಪ್ರಕಟಿಸಿದ್ದನು. ನೋಲನ್ ಇಂಡಿಯಾದಲ್ಲಿದ್ದಾಗ ನಿಜಾಮನ ರಾವುತರಿಗೂ ರೊಹಿಲರಿಗೂ ಒಂದು ಕಾಳಗವಾಯಿತು. ಸಂಖ್ಯೆಯಲ್ಲಿ ಬಹಳ ಕಡಿಮೆಯಿದ್ದ ರಾವುತರೇ ಗೆದ್ದರು. ಆ ಕಾಳಗದ ಗಾಯಗಳ ವರದಿಯನ್ನು ಓದಿ ನೋಲನನು ಬೆರಗಾದನು. ಒಂದೇ ಏಟಿಗೆ ತಲೆ, ತೋಳು ಹಾರಿಹೋಗಿದ್ದುವು. ಇದೆಂತಹ ಕತ್ತಿಯಿರಬಹುದೆಂದು ಅವನು ನೋಡಲು ಹೋದನು. ಅವನ ಕೈಗೆ ಬಂದುದು ಏನು? ಆಂಗ್ಲೇಯರ ಸೈನ್ಯವೇ ಕೆಲಸಕ್ಕೆ ಬಾರವೆಂದು ತೆಗೆದುಹಾಕಿದ್ದ ಹಳೆಯ ಅಲಗುಗಳು! ರಾವುತರು ಅವುಗಳಿಗೆ ತಮ್ಮ ರೀತಿಯ ಹಿಡಿಯನ್ನು ಕೂಡಿಸಿ, ಬಾಯಿಯನ್ನು ಕ್ಷೌರದ ಕತ್ತಿಯಂತೆ ಮಸೆದಿದ್ದರು. ಮರದ ಒರೆಯಲ್ಲಿಟ್ಟು, ಕಾಳಗದಲ್ಲಿ ಹೊರತು ಹೊರಗೆ ತೆಗೆಯುತ್ತಿರಲಿಲ್ಲ. ಅದೇ ಆಂಗ್ಲೇಯರ ಸಿಪಾಯಿಯಾದರೋ ಉಕ್ಕಿನ ಒರೆಯಿಂದ ಪೆರೇಡಿಗೆಂದು ದಿನಕ್ಕೆ ಹತ್ತು ಸಾರಿ ಕತ್ತಿಯನ್ನು ಎಳೆದು ತೂರಿಸಿ ಅದರ ಬಾಯಿಯನ್ನು ತಾನೇ ಕೆಡಿಸಿಕೊಳ್ಳುತ್ತಿದ್ದನು. ಹೊಡೆಯುವ ಗುಟ್ಟೇನೆಂದು ನೋಲನನು ಕೇಳಿದುದಕ್ಕೆ ರಾವುತನು ಬಲವಾದ ಏಟಿನ ಹೊರತು ಬೇರೆ ಯಾವ ವಿದ್ಯೆಯನ್ನೂ ಹೇಳಲಿಲ್ಲವಂತೆ.

೧೭೯೬ರಲ್ಲಿ ಲ ಮಾರ್ಶಾಂ ಎಂಬ ಸೇನಾಧಿಕಾರಿಯು ಆಂಗ್ಲೇಯರ ಲಘು ಅಶ್ವಸೈನ್ಯಕ್ಕೆಂದು ರೂಪಿಸಿದ ಕತ್ತಿಯು ತುದಿಯ ಹತ್ತಿರ ಅಗಲವಾಗುವ, ಚೆನ್ನಾಗಿ ಬಾಗಿದ ಅಲಗುಳ್ಳದ್ದು. ೧೮೨೧ರಲ್ಲಿ ಇಂಗ್ಲೆಂಡಿನಲ್ಲಿ ಹೊಸ ಮಾದರಿ ಬಂದ ಮೇಲೂ ಹಳೆಯ ಮಾದರಿಯು ಇಂಡಿಯಾದ ರಾವುತರಲ್ಲಿ ಬಹುಕಾಲ ಉಳಿಯಿತು. ಬೇರೆಯವರು ಬಿಸುಟುದನ್ನು ಅಗ್ಗಕ್ಕೆ ಕೊಂಡು ಅದರ ಒಳ್ಳೆಯ ಗುಣವನ್ನು ಹೊರತೆಗೆದ ಈ ಬಡವರ ಜಾಣತನವನ್ನು ಎಷ್ಟು ಮೆಚ್ಚಿದರೂ ಸಾಲದೆಂದು ನಮಗೆ ತೋರುತ್ತದೆ.

ಆದರೆ ಕತ್ತಿಯಿದ್ದ ಮಾತ್ರಕ್ಕೆ ಕಡಿಯಲು ಬರುವುದಿಲ್ಲ. ಅಲಗು ಸಾಗುವ ದಿಕ್ಕಿಗೂ ಅದರ ಬಾಯಿಗೂ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಏಟು ಹೊರಳುತ್ತದೆ. ಇದನ್ನು ಕಲಿಯಲು ಎಲ್ಲ ದೇಶದವರೂ ಏನನ್ನಾದರೂ ಕಡಿದಿದ್ದಾರೆ. ಈಜಿಪ್ಟಿನ ಮಮ್ಲೂಕರು ಹದಮಾಡಿದ ಹಸಿಯ ಜೇಡಿಮಣ್ಣನ್ನೂ ಕಂಬಳಿಯ ಪದರಗಳನ್ನೂ ಕಡಿಯುತ್ತಿದ್ದರು. ಜಪಾನೀಯರು ನೆನೆಸಿದ ಹುಲ್ಲಿನ ಸುರುಳಿಯನ್ನೂ ಬಿದಿರನ್ನೂ ಕಡಿಯುವರು. ಮರಾಠರ ಪಟ್ಟಾ ಆಡುವವರು ನಿಂಬೆಯ ಹಣ್ಣನ್ನು ಇಬ್ಭಾಗ ಮಾಡಿ ತೋರಿಸುವರು.

ನಮ್ಮ ಕರ್ನಾಟಕದಲ್ಲಿ ಈ ಪರೀಕ್ಷೆಯು ಇಂದಿಗೂ ಜೀವಂತವಾಗಿರುವುದು ಕೊಡಗಿನಲ್ಲಿ. ಕೊಡವರ ಮದುವೆಯಲ್ಲಿ ನೆಟ್ಟ ಬಾಳೆಯ ದಿಂಡುಗಳನ್ನು ಒಡಿಕತ್ತಿಯಿಂದ ಒಂದೊಂದೇ ಏಟಿಗೆ ಉರುಳಿಸುವ ಬಾಳೆಬಿರುದನ್ನು ನೋಡಿದವರು ಅದನ್ನು ಮರೆಯಲಾರರು. ಒಡಿಕತ್ತಿಯ ಡೊಂಕು ತಲವಾರಕ್ಕೆ ತಿರುವುಮುರುವಾದುದು. ಅದರ ಬಾಯಿ ಒಳಮಗ್ಗುಲಲ್ಲಿದೆ. ಅಲಗು ಅಗಲ, ಭಾರವೆಲ್ಲ ಮುಂದಕ್ಕೆ. ಬೆನ್ನಿನ ಮೇಲೆ ತೋಡಂಗ್ ಎಂಬ ಲೋಹದ ಕೊಂಡಿಯಲ್ಲಿ, ಒರೆಯಿಲ್ಲದೆಯೇ, ಅದನ್ನು ಸಿಕ್ಕಿಸಿಕೊಳ್ಳುವರು. ಕಾಡಿನಲ್ಲಿ ದಾರಿ ಬಿಡಿಸಿಕೊಳ್ಳುವವನಿಗೆ ಕೊಂಬೆಯು ಜಾರಿಹೋಗದಂತೆ ತಬ್ಬಿ ಹಿಡಿಯುವ ಒಳಡೊಂಕು ಬೇಕು; ಬಯಲಿನ ಸವಾರನಿಗೆ ಸಿಕ್ಕಿಕೊಳ್ಳದೆ ಜಾರಿ ಹೊರಬರುವ ಹೊರಡೊಂಕು ಬೇಕು. ಆದರೆ ಪರೀಕ್ಷೆಗೆ ಬಾಳೆಯ ದಿಂಡು ಎರಡಕ್ಕೂ ಒಳ್ಳೆಯದು. ಅದು ಮೃದುವಾಗಿ ಕಾಣುತ್ತದೆ, ಆದರೆ ನೀರುತುಂಬಿದ ಪದರದ ಮೇಲೆ ಪದರ. ಓರೆ ತಪ್ಪಿದ ಅಲಗನ್ನು ನಡುವೆಯೇ ಕಚ್ಚಿ ನಿಲ್ಲಿಸಿಬಿಡುತ್ತದೆ. ಏಟು ಸರಿಯಾಗಿದ್ದರೆ ದಿಂಡು ಕ್ಷಣಕಾಲ ಹಾಗೆಯೇ ನಿಂತು ಅನಂತರ ಜಾರುತ್ತದೆ.

ಕೊಡಗಿನಲ್ಲಿ ಉಳಿದುದು ಧಾರವಾಡದ ಸೀಮೆಯಲ್ಲಿ ಏಕೆ ಉಳಿಯಲಿಲ್ಲ? ಇದಕ್ಕೆ ಉತ್ತರ ೧೮೫೭ರಲ್ಲಿದೆ. ಆ ವರ್ಷದ ಆಯುಧ ಕಾನೂನಿನ ಪ್ರಕಾರ ಜನರ ಕೈಯಲ್ಲಿದ್ದ ಆಯುಧಗಳನ್ನು ಕಿತ್ತುಕೊಳ್ಳುವ ಕೆಲಸವು ಮುಂಬಯಿ ಪ್ರಾಂತದ ಈ ಭಾಗದಲ್ಲಿ ಬಹು ಕಟ್ಟುನಿಟ್ಟಾಗಿ ನಡೆಯಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಕೊಡಲೊಲ್ಲೆವೆಂದು ನಿಂತರು. ನವೆಂಬರಿನ ಕೊನೆಯಲ್ಲಿ ಆ ಊರನ್ನು ಸುಡಲಾಯಿತು. ಸಿಕ್ಕವರಲ್ಲಿ ಅನೇಕರನ್ನು ನೇಣಿಗೆ ಹಾಕಿದರು. ಶಾಸನಗಳಿಗಾಗಿ ಹೆಸರಾದ ಫ್ಲೀಟನು ಸಂಗ್ರಹಿಸಿದ ಕನ್ನಡ ಲಾವಣಿಗಳಲ್ಲಿ ಹಲಗಲಿಯ ಲಾವಣಿಯೂ ಸೇರಿದೆ. ಮರುವರ್ಷದ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬನು ಎದ್ದನು. ಪೊಲಿಟಿಕಲ್ ಏಜೆಂಟನಾಗಿದ್ದ ಮ್ಯಾನ್ಸನ್ ಸುರೇಬಾನದಲ್ಲಿ ಹತನಾದನು. ಜೂನಿನಲ್ಲಿ ಬಾಬಾಸಾಹೇಬನಿಗೆ ಬೆಳಗಾವಿಯಲ್ಲಿ ಗಲ್ಲಾಯಿತು. ಇದಾದ ಬಳಿಕ ಕತ್ತಿಯನ್ನು ಇಟ್ಟುಕೊಂಡ ಮನೆಯು ಅದನ್ನು ಅಟ್ಟದ ಮೇಲೆ ಬಚ್ಚಿಟ್ಟಿತು, ಇಲ್ಲವೆ ಕುಡುಗೋಲು ಮಾಡಿಸಿತು. ಕೊಡಗಿನಲ್ಲಾದರೋ ೧೮೬೧ರಲ್ಲಿ ಮಾರ್ಕ್ ಕಬ್ಬನನು ಕೊಡವರಿಗೆ ಆಯುಧ ಕಾನೂನಿನಿಂದ ವಿನಾಯಿತಿಯನ್ನು ಘೋಷಿಸಿದನು. ಒಂದೇ ಸರ್ಕಾರ ಒಂದು ಕೈಯಿಂದ ಕಿತ್ತುಕೊಂಡು ಇನ್ನೊಂದು ಕೈಯಿಂದ ಕೊಟ್ಟಿತು.

ಕತ್ತಿಯೊಡನೆ ಅದನ್ನು ಬಲ್ಲವರೂ ಹೋದರು. ನಮ್ಮ ಕಡೆಯ ಊರುಗಳಲ್ಲಿ ಶಿಕಲಗಾರರೆಂಬವರಿದ್ದಾರೆ. ಹೊಳಪು ಕೊಡುವುದೆಂಬ ಅರ್ಥದ ಅರಬ್ಬೀ ಶಬ್ದದಿಂದ ಬಂದ ಹೆಸರು ಅದು. ಅಲಗನ್ನು ಮಸೆಯುವುದು, ಸಡಲಿದ ಹಿಡಿಯನ್ನು ಮರಳಿ ಕೂಡಿಸುವುದು ಅವರ ಕುಲವೃತ್ತಿ. ರಾವುತರು ಹೋದ ಮೇಲೆ ಅವರು ಚಾಕು ಕತ್ತರಿಗಳನ್ನು ಸಾಣೆ ಹಿಡಿಯುತ್ತ ಬೀದಿ ಬೀದಿ ಅಲೆಯಬೇಕಾಯಿತು. ಯಾವ ಕತ್ತಿ ಕಡಿದೀತು, ಯಾವುದು ಕೈಕೊಟ್ಟೀತು ಎಂದು ನೋಡಿದ ಕೂಡಲೇ ಹೇಳಬಲ್ಲ ಕಣ್ಣು ಅವರದಾಗಿದ್ದಿತು. ಅವರನ್ನು ಕೇಳಿ ಯಾರಾದರೂ ಬರೆದಿಟ್ಟುಕೊಂಡಿದ್ದರೆ, ನಮ್ಮಂತಹ ಕಾಲೇಜಿನ ಉಪಾಧ್ಯಾಯರು ಈ ದಿನ ಸೋದರಳಿಯಂದಿರ ಮುಂದೆ ತಡವರಿಸಬೇಕಾಗಿರಲಿಲ್ಲ.

ಈಗ ಆ ಕಿಟಕಿಟ ಶಬ್ದಕ್ಕೆ ಬರೋಣ. ತಲವಾರದ ಅಲಗಿನ ಬಾಲವು ಗಿಡ್ಡನೆಯದು. ಅದನ್ನು ಪೊಳ್ಳಾದ ಲೋಹದ ಹಿಡಿಯೊಳಗೆ ತೂರಿಸಿ, ಅರಗಿನಂತಹ ಅಂಟನ್ನು ಇಟ್ಟಿಗೆಯ ಪುಡಿಯೊಡನೆ ಕಾಯಿಸಿ ತುಂಬುವರು. ಮೊಳೆಯಿಲ್ಲ, ತಿರುಪಿಲ್ಲ. ಹೊಸದಾಗಿರುವಾಗ ಅದು ಕಲ್ಲಿನಂತೆ ಹಿಡಿಯುತ್ತದೆ. ನೂರೈವತ್ತು ವರ್ಷ ಅಟ್ಟದ ಬಿಸಿಯಲ್ಲಿದ್ದ ಅರಗು ಪುಡಿಯಾಗಿರುತ್ತದೆ. ಅಂತಹ ಕತ್ತಿಯನ್ನು ಬೀಸಿದರೆ ಹಿಡಿಯು ಕೈಯಲ್ಲುಳಿದು ಅಲಗು ಎದುರಿಗೆ ನಿಂತು ನೋಡುವವರ ಮೇಲೆ ಹೋಗುತ್ತದೆ. ಹಳೆಯ ಕತ್ತಿಯು ಪೂಜೆಗೆ ಮಾತ್ರ ಎಂದು ನಾವು ಹುಡುಗನಿಗೆ ಖಂಡಿತವಾಗಿ ಹೇಳಿದೆವು.

ಪೇಟೆಯಲ್ಲಿ ಸನ್ಮಾನಕ್ಕೆಂದು ಮಾರುವ ಥಳಥಳಿಸುವ ಕತ್ತಿಗಳು ಇನ್ನೂ ಅಪಾಯಕರ. ತುಕ್ಕುಹಿಡಿಯದ ಆ ಉಕ್ಕು ಅಷ್ಟು ಉದ್ದದ ಅಲಗಿಗೆ ತಕ್ಕುದಲ್ಲ, ಮತ್ತು ಹಿಡಿಯೊಳಗೆ ತೆಳ್ಳನೆಯ ಸರಳೊಂದನ್ನು ಬೆಸೆದಿರುವುದೇ ಹೆಚ್ಚು. ಸಭೆಯಲ್ಲಿ ಹಿಡಿದು ಚಿತ್ರ ತೆಗೆಸಿಕೊಳ್ಳಲು ಅವು ಸಾಕು. ತುಕ್ಕುಹಿಡಿಯುವ ಸಾದಾ ಉಕ್ಕಿನ ಅಲಗು, ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಹದವರಿತ ಕಮ್ಮಾರನು ಬಡಿದುದಾದರೂ ಸರಿಯೇ, ಅದಕ್ಕಿಂತ ಮೇಲು. ಉದ್ದ ಇಪ್ಪತ್ತೆಂಟರಿಂದ ಮೂವತ್ತು ಅಂಗುಲ, ತೂಕ ಒಂದು ಕಿಲೋಗ್ರಾಮಿನ ಆಚೀಚೆ, ಡೊಂಕು ಅತಿಯಾಗಬಾರದು. ಬಹಳ ಬಾಗಿದ ಅಲಗಿನ ಬಾಯಿಯನ್ನು ನೇರವಾಗಿ ಸಾಗಿಸುವುದು ಕಲಿಯುವವನಿಗೆ ಕಷ್ಟ. ಬಾಲವು ಹಿಡಿಯ ಕೊನೆಯವರೆಗೂ ಹೋಗಿ ಅಲ್ಲಿ ಬಡಿದು ಭದ್ರಮಾಡಿರಬೇಕು. ಕೆತ್ತನೆಗೂ ಮುದ್ರೆಗೂ ಒಂದು ಕಾಸನ್ನೂ ಕೊಡಬಾರದು. ಇದೆಲ್ಲಕ್ಕೂ ಮೊದಲು ಪೊಲೀಸ್ ಠಾಣೆಯಲ್ಲಿ ವಿಚಾರಿಸಬೇಕು. ೧೯೫೯ರ ಆಯುಧ ಕಾನೂನಿನ ಕೆಳಗಿನ ನಿಯಮಗಳು ಒಂಬತ್ತು ಅಂಗುಲ ಮೀರಿದ ಅಲಗಿನ ಕತ್ತಿಯನ್ನು ಆಯುಧವೆಂದೇ ಎಣಿಸುತ್ತವೆ.

ಹುಡುಗನು ಹೀಗೆಯೇ ಮಾಡಿದನು. ದೀಪಾವಳಿಯ ಲಕ್ಷ್ಮೀಪೂಜೆಗೆಂದು ಅಂಗಡಿಗಳ ಬಾಗಿಲಿಗೆ ಕಟ್ಟಿದ್ದ ಬಾಳೆಯ ಕಂಬಗಳನ್ನು ಮಾರನೆಯ ದಿನ ಬೀದಿಗೆ ಎಸೆಯುವರಷ್ಟೆ. ಅವನ್ನು ಬಂಡಿಯಲ್ಲಿ ಹೇರಿಕೊಂಡು ಬಂದು ಊರ ಹೊರಗಿನ ಹೊಲದಲ್ಲಿ ನೆಟ್ಟನು. ಎಲ್ಲರನ್ನೂ ಇಪ್ಪತ್ತು ಹೆಜ್ಜೆ ಹಿಂದೆ ನಿಲ್ಲಿಸಿದೆವು. ಮೊದಲನೆಯ ಏಟಿಗೆ ಅಲಗು ಅರ್ಧಕ್ಕೆ ಸಿಕ್ಕಿಕೊಂಡಿತು, ಎರಡನೆಯದಕ್ಕೂ ಹಾಗೆಯೇ. ಏಳನೆಯದೋ ಎಂಟನೆಯದೋ ದಿಂಡು ಮಾತ್ರ ಒಂದು ಕ್ಷಣ ನಿಂತು, ಅನಂತರ ಓರೆಯಾಗಿ ಜಾರಿ ಬಿದ್ದಿತು. ಅವನು ಮರಳಿ ಎತ್ತುವ ಮೊದಲೇ ನಾವು ಕತ್ತಿಯನ್ನು ತೆಗೆದುಕೊಂಡು, ಬಾಳೆಯ ರಸ ಕಪ್ಪು ಕಟ್ಟುವುದರೊಳಗಾಗಿ ಒರಸಿ, ಕುಸುಬೆ ಎಣ್ಣೆ ಸವರಿದೆವು. ಕತ್ತಿಯೊಡನೆ ಬಂದಿದ್ದ ತಗಡಿನ ಒರೆಯನ್ನು ಬಿಟ್ಟು, ಕುಂದಗೋಳದ ಬಡಿಗನಿಗೆ ಮರದ ಒರೆಯೊಂದನ್ನು ಹೇಳಿ ಬಂದಿದ್ದೇವೆ.